ಚೇರೆ ಮರದ ಸಾಕ್ಷಿ

ಸಂಪಾಜೆಯ ದೇವರಕಾಡಿನಲ್ಲಿ ಯಾರೋ ಚೇರೆ ಮರ ಕಡಿದು ಸಾಗಿಸಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಪೆಟ್ಟಿಗೆ ಮಾಡುವವರು ಆ ಮರವನ್ನು ಕೇಳಿ ಬರುತ್ತಿದ್ದರು. ಊರಿನವರು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಚೇರೆಯ ಹಾಲು ತಾಗಿದರೆ ಮೈ ಬಾತು ಗುಳ್ಳೆ ಏಳುತ್ತದೆ. ಬಾತವನು, ಚೇರೆಯ ಮುನಿಸು ಇಳಿಸುತ್ತದೆಂದು ನಂಬಿದ್ದ ತಾರೆ ಮರಕ್ಕೆ ಸುತ್ತು ಬಂದು, ತಪ್ಪಾಯಿತೆಂದು ಕೈಮುಗಿಯುವುದು ಅಲ್ಲಿನ ರೂಢಿ. ಹಾಗಾಗಿ ಕಳ್ಳನನ್ನು ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ಯಾರು ಬಾತಿದ್ದಾನೆ ಎಂದು ನೋಡಿದರು.

ಬಾತಿದ್ದವನು ಪೂವಯ್ಯ. ಆ ಕಾಡನ್ನು ಕಾಯುವ ಹಕ್ಕು ಅವನ ಮನೆತನದ್ದೇ ಆಗಿತ್ತು.

ಊರಿನ ಹಿರಿಯ ಬೊಳ್ಳಪ್ಪ ಅವನ ಅಂಗಳಕ್ಕೆ ಬಂದು ನಿಂತ. ಜೊತೆಗೆ ಅಳಿಯ ಪದ್ಮಯ್ಯನಿದ್ದ. ಕುಶಾಲನಗರದ ಕಡೆಯವನು, ಮಳೆಗಾಲದಲ್ಲಿ ಬಂದು ಮಾವನ ಮನೆಯಲ್ಲೇ ನೆಲೆಸಿದ್ದ.

"ನಾ ಆ ಮರನ ಮುಟ್ಟಿತ್ಲೆ, ಬೊಳ್ಳಪ್ಪಣ್ಣ," ಎಂದ ಪೂವಯ್ಯ. ಕಣ್ಣು ಅರ್ಧ ಮುಚ್ಚಿಹೋಗಿತ್ತು.

"ನಿನ್ನ ಕುತ್ತಿಗೆಲೇ ಉಟ್ಟಲ್ಲ ಸಾಕ್ಷಿ!" ಎಂದ ಬೊಳ್ಳಪ್ಪ.

"ಮುಖ ಹಲಸಿನ ಹಣ್ಣು ಆಗ್ಯುಟ್ಟು, ಇನ್ನೂ ಇಲ್ಲೆ ಹೇಳ್ತಾನೆ," ಎಂದು ಪದ್ಮಯ್ಯ ನಕ್ಕ.

ಬರುವ ದೇವರಕಾಡಿನ ಹಬ್ಬದ ದಿನ ದೇವರ ಮುಂದೆ ಒಪ್ಪಿಕೊಳ್ಳಬೇಕು, ಕಾಡಿನ ಹಕ್ಕು ಬಿಟ್ಟುಕೊಡಬೇಕು ಎಂದು ಬೊಳ್ಳಪ್ಪ ಹೇಳಿದ. ಪೂವಯ್ಯನ ಹೆಂಡತಿ ಪ್ರೇಮಾವತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಕಡ್ದಿದ್ರೆ ಒಪ್ಪಿಕಣಿ. ಕಡ್ದಿಲ್ಲದಿದ್ರೆ ಡಾಕ್ಟ್ರ ಹತ್ರ ನಡೀನಿ. ಸುಮ್ನೆ ಕೂತ್ರೆ ಮಾನ, ಹಕ್ಕು ಎರಡೂ ಹೋದು," ಎಂದಳು.

ಡಾಕ್ಟರ್ ಗೋಪಿನಾಥ ಮಡಿಕೇರಿಯವನು, ಊರಿನ ಡಿಸ್ಪೆನ್ಸರಿಗೆ ಹೊಸಬ. ಪೂವಯ್ಯನ ಕೈಗಳನ್ನು ತಿರುಗಿಸಿ ನೋಡಿದ. ಬೆರಳು, ಮೊಣಕೈ ಎಲ್ಲೂ ಒಂದು ಗುಳ್ಳೆಯಿರಲಿಲ್ಲ. ಹಿಂಗುತ್ತಿಗೆಯಲ್ಲಿ ಮಾತ್ರ ಗುಳ್ಳೆಗಳು ಒತ್ತಾಗಿ ಎದ್ದು, ಊತ ಅಲ್ಲಿಂದ ಕಿವಿಗೆ, ಕಣ್ಣಿಗೆ ಹರಡಿತ್ತು.

"ಕುತ್ತಿಗೆಯಿಂದ ಮರ ಕಡಿಯುತ್ತೀರಾ?" ಎಂದು ಕೇಳಿದ. ಪ್ರೇಮಾವತಿಗೆ ನಗು ಬಂತು, ಪೂವಯ್ಯನಿಗೆ ಬರಲಿಲ್ಲ.

"ಮೊದಲು ಯಾವಾಗಲಾದರೂ ಚೇರೆ ತಾಗಿತ್ತಾ?"

"ಸಣ್ಣವ ಇದ್ದಾಗ. ಅವ್ವ ತಾರೆ ಮರಕ್ಕೆ ಸುತ್ತು ಹಾಕ್ಸಿದ್ದು."

"ಈ ಸಲ ಗುಳ್ಳೆ ಏಳುವ ಮೊದಲು ಯಾವ ಅಂಗಿ ಹಾಕಿದ್ದಿರಿ?"

ಮಡಿಕೇರಿಯಲ್ಲಿ ಮದುವೆಗೆ ಹೋಗಿದ್ದಾಗ ಪೂವಯ್ಯ ಆ ಅಂಗಿಯನ್ನು ಅಗಸನಿಗೆ ಕೊಟ್ಟಿದ್ದ. ಮನೆಯಲ್ಲಿ ಹೆಂಡತಿ ಒಗೆಯುತ್ತಿದ್ದ ಅಂಗಿ ಮೊದಲ ಸಲ ಅಗಸನ ಕೈಗೆ ಹೋಗಿತ್ತು. ಪ್ರೇಮಾವತಿ ಮನೆಗೆ ಓಡಿ ಅದನ್ನು ತಂದಳು. ಕಾಲರಿನ ಒಳಗೆ ಕಪ್ಪು ಗುರುತು: ಒಂದು ಗೆರೆ, ಪಕ್ಕದಲ್ಲಿ ಎರಡು ಚುಕ್ಕಿ.

ಡಾಕ್ಟರ್ ಬೊಳ್ಳಪ್ಪನನ್ನೂ ಕರೆಸಿದ. "ಅಗಸರು ಕರಿಗೇರು ಬೀಜದ ರಸದಲ್ಲಿ ಗುರುತು ಹಾಕುತ್ತಾರೆ. ಕರಿಗೇರು, ಚೇರೆ ಒಂದೇ ಕುಲ. ಇವರ ಮೈ ಚೇರೆಯನ್ನು ಒಮ್ಮೆ ಕಂಡಿದೆ. ಈಗ ಅದರ ನೆಂಟನನ್ನೂ ಗುರುತಿಸಿದೆ."

"ಮೈಗೆ ಎಂತ ನೆಂಟಸ್ತಿಕೆ ಡಾಕ್ಟ್ರೇ?" ಎಂದ ಬೊಳ್ಳಪ್ಪ.

ಡಾಕ್ಟರ್ ಪೂವಯ್ಯನ ಕಿವಿಯ ಹಿಂದೆ ಬೆರಳಿಟ್ಟು ಒತ್ತಿದ. ಚರ್ಮದ ಕೆಳಗೆ ಕಡಲೆಯಷ್ಟು ಗಂಟು ಸಿಕ್ಕಿತು. "ಇದೇ ಮೈಯ ಚಾವಡಿ. ಚರ್ಮಕ್ಕೆ ಹೊರಗಿನದು ಏನಾದರೂ ತಾಗಿದರೆ ಅದರ ಸುದ್ದಿ ಈ ಗಂಟಿಗೆ ಬರುತ್ತದೆ. ಯಾರು ತರುತ್ತಾರೋ, ಹೇಗೆ ತೋರಿಸುತ್ತಾರೋ ಪೂರ್ತಿ ತಿಳಿದವರು ಯಾರೂ ಇಲ್ಲ. ಆದರೆ ಆ ಸುದ್ದಿ ಬರುವ ದಾರಿ ಕಡಿದುಬಿಟ್ಟರೆ ಮೈ ಕಲಿಯುವುದೇ ಇಲ್ಲ. ಒಮ್ಮೆ ಇಲ್ಲಿ ತೋರಿಸಿದ ಮುಖವನ್ನು ಇಡೀ ಮೈ ಮರೆಯುವುದಿಲ್ಲ." ತನ್ನ ಕಾಲರ್ ಮಡಚಿ ತೋರಿಸಿದ. ಅಲ್ಲೂ ಅಂಥದೇ ಗುರುತು. "ನನಗೇನೂ ಆಗಿಲ್ಲ. ನನ್ನ ಮೈಗೆ ಈ ಕುಲದ ಪರಿಚಯವಿಲ್ಲ."

ಬೊಳ್ಳಪ್ಪ ಮೂರ್ಖನಲ್ಲ. "ಮಾತು ಚಂದ ಉಟ್ಟು. ಕಣ್ಣಿಗೆ ಕಾಣ್ಬೇಕು," ಎಂದ.

ಹಾಗಾದರೆ ಆ ಗುರುತನ್ನು ಪೂವಯ್ಯನ ಕೈಗೆ ಕಟ್ಟಿ ನೋಡೋಣ ಎಂದ ಡಾಕ್ಟರ್. ಪೂವಯ್ಯ ಕೈ ಚಾಚಿದ. "ಕಟ್ಟಿ ಡಾಕ್ಟ್ರೇ. ಎಂತ ಬೇಕಾದ್ರೂ ಆಗ್ಲಿ."

ಗುರುತಿದ್ದ ಬಟ್ಟೆಯ ತುಂಡನ್ನು ಅವನ ಬಲಗೈಗೆ, ಅದೇ ಅಂಗಿಯ ಖಾಲಿ ತುಂಡನ್ನು ಎಡಗೈಗೆ ಕಟ್ಟಿದರು. ಗಂಟು ಹಾಕಿದವನು ಬೊಳ್ಳಪ್ಪನೇ. ಎರಡು ದಿನ ಬಿಟ್ಟು ಬಿಚ್ಚಿದವನೂ ಅವನೇ. ಎಡಗೈ ಹಾಗೇ ಇತ್ತು. ಬಲಗೈಯ ಮೇಲೆ ಕೆಂಪಗೆ ಒಂದು ಗೆರೆ, ಎರಡು ಚುಕ್ಕಿ ಉಬ್ಬಿ ನಿಂತಿದ್ದವು. ಅಗಸ ಬಟ್ಟೆಗೆ ಹಾಕಿದ್ದನ್ನು ಮೈ ತಪ್ಪಿಲ್ಲದೆ ನಕಲು ಮಾಡಿತ್ತು.

ಎಲ್ಲರೂ ಬಗ್ಗಿ ನೋಡಿದರು. ತುರಿಕೆಯಲ್ಲಿ ಒದ್ದಾಡುತ್ತಿದ್ದ ಪೂವಯ್ಯನೂ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. "ನಾನೇ ಮರ್ತಿದ್ದೆ. ಇದು ಮರ್ತಿತ್ಲೆ!" ಎಂದ. ಆ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

"ಹಾಗಾದ್ರೆ ಕಡ್ದವ ಎಂತಕೆ ಬಾತಿತ್ಲೆ?" ಎಂದು ಬೊಳ್ಳಪ್ಪ ಕೇಳಿದ.

"ಮೊದಲ ಸಲ ಚೇರೆ ಮುಟ್ಟಿದವನಾಗಿದ್ದರೆ ಮೈ ಪಾಠ ಕಲಿಯುವುದಕ್ಕೇ ವಾರದ ಮೇಲೆ ಬೇಕು. ಹಾಲು ಚರ್ಮಕ್ಕೆ ಹಿಡಿದ ಮೇಲೆ ತೊಳೆದರೆ ಹೋಗುವುದಿಲ್ಲ. ಕಾಯಿರಿ."

ಈ ಊರಿನಲ್ಲಿ ಹುಟ್ಟಿದವರು ಚಿಕ್ಕಂದಿನಲ್ಲೇ ಆ ಪಾಠ ಮುಗಿಸಿರುತ್ತಾರೆ. ಬೊಳ್ಳಪ್ಪ ಎದ್ದು ಮನೆಯ ಕಡೆ ನಡೆದ.

ಹಬ್ಬಕ್ಕೆ ಮುಂಚೆ ಅವನು ಮತ್ತೆ ಡಿಸ್ಪೆನ್ಸರಿಗೆ ಬಂದ. ಹಿಂದೆ ಪದ್ಮಯ್ಯ, ಉದ್ದ ತೋಳಿನ ಅಂಗಿ ಹಾಕಿ, ತಲೆ ತಗ್ಗಿಸಿ ನಿಂತಿದ್ದ. ಬೊಳ್ಳಪ್ಪ ಅಳಿಯನ ಅಂಗಿಯ ತೋಳನ್ನು ಮೇಲೆ ಸರಿಸಿದ. ಬೆರಳಿನ ಸಂದಿನಿಂದ ಮೊಣಕೈಯವರೆಗೆ ಗುಳ್ಳೆಗಳು ಕೀವಾಗಿ ಒಡೆಯುತ್ತಿದ್ದವು.

"ಡಾಕ್ಟ್ರೇ, ಇದು ಅಗಸನ ಗುರುತಾ?"

"ಅಲ್ಲ," ಎಂದ ಡಾಕ್ಟರ್.

ಬೊಳ್ಳಪ್ಪ ಅಂಗಿಯ ತೋಳನ್ನು ಕೆಳಗೆ ಇಳಿಸಲಿಲ್ಲ. "ಮದ್ದು ಹಾಕಿ. ಆಮೇಲೆ ಇವನ್ನ ತಪ್ಪು ಒಪ್ಪಿಸ್ಲಿಕ್ಕೆ ಪೂವಯ್ಯನ ಮನೆಗೆ ಕರ್ಕೊಂಡು ಹೋಗ್ಬೇಕು. ಕಾಡಿನ ಹಕ್ಕು ಅವಂದೇ," ಎಂದ.