ಹಗಿಯ ಕಬ್ಬಿಣ

ಐಜು ಊರಿನವರು ಬರೀ ‘ಯುದ್ಧ’ ಅಂದರೆ ಅದು ಅಮೆರಿಕದ ಜೊತೆಗಿನದಲ್ಲ, ಪಶ್ಚಿಮದ ಚೋಶು ಸೀಮೆಯವರು ಬಂದು ತಮ್ಮ ಕೋಟೆಗೆ ಮುತ್ತಿಗೆ ಹಾಕಿದ್ದು. ಅದಕ್ಕೆ ನೂರು ವರ್ಷವಾದ ನೆನಪಿಗೆ ಪ್ರದರ್ಶನ ಇಡುವುದೆಂದು ಗೊತ್ತಾದಾಗ, ಮನೆಮನೆಯ ಹಳೆಯ ಆಯುಧಗಳನ್ನು ನೋಡಿ ಯಾವುದು ಎಲ್ಲಿಯದೆಂದು ಹೇಳುವ ಕೆಲಸ ಸಕಿಯೆಯ ಪಾಲಿಗೆ ಬಂತು. ಕತ್ತಿ ವ್ಯಾಪಾರಿಯಾಗಿದ್ದ ಗಂಡನ ಪಕ್ಕದಲ್ಲಿ ಕೂತು ಕಲಿತವಳು. ಅವನು ತೀರಿಕೊಂಡ ಮೇಲೆ ಅವನಿಗಿಂತ ಬಲ್ಲವಳೆನಿಸಿಕೊಂಡಳು. ಆದರೆ ತವರು ಚೋಶುವಿನ ಹಗಿ ಪಟ್ಟಣ. ಮೊಮ್ಮಕ್ಕಳನ್ನು ಕಂಡರೂ ಸಂತೆಯಲ್ಲಿ ಅವಳು ಇನ್ನೂ ‘ಶತ್ರುಗಳ ಮನೆ ಹೆಣ್ಣು’.

ಸೋಯಾ ಕಾಳು ಹುದುಗಿಸಿ ಮಿಸೊ ಮಾಡುವ ನಿಹೇಯ್ ಸೋಕಿಚಿಯ ಮನೆಗೆ ಹೋದಾಗ ಮುದುಕ ಸತ್ತ ಹಿರಿಯರ ಪೂಜಾಪೀಠದಿಂದ ರೇಷ್ಮೆಬಟ್ಟೆಯ ಗಂಟನ್ನು ತಂದು ಬಿಚ್ಚಿದ. ಒಳಗಿದ್ದದ್ದು ತ್ಸುಬಾ, ಕತ್ತಿಯ ಅಲಗಿಗೂ ಹಿಡಿಗೂ ನಡುವೆ ಕೂತು ಕೈ ಕಾಯುವ ಕಬ್ಬಿಣದ ಬಿಲ್ಲೆ.

“ನಮ್ಮ ಮುತ್ತಜ್ಜನದು. ಕೋಟೆಯ ಉತ್ತರದ ಬಾಗಿಲಲ್ಲಿ ಸತ್ತ. ಎಲ್ಲಕ್ಕಿಂತ ಮುಂದೆ ಇಡಬೇಕು, ತಿಳೀತಾ?”

ಸಕಿಯೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುದುಡಿದ ತಾವರೆ ಎಲೆಯ ಆಕಾರ. ಅಂಚು ಬಿಲ್ಲೆಯ ಅಂಚಿನ ಮೇಲೇ ಮಗುಚಿಕೊಂಡಿತ್ತು. ಎಲೆಯ ನರಗಳು ಬೆರಳಿಗೆ ಸಿಗುವಷ್ಟೇ ಎದ್ದಿದ್ದವು. ಐಜುವಿನ ಕುಶಲಕರ್ಮಿಯಾಗಿದ್ದರೆ ಅಲ್ಲೊಂದು ಚಿನ್ನದ ಹನಿ, ಇಲ್ಲೊಂದು ಹಿತ್ತಾಳೆಯ ಹುಳು ಕೂರಿಸದೆ ಬಿಡುತ್ತಿರಲಿಲ್ಲ. ಇದರಲ್ಲಿ ಕಬ್ಬಿಣದ ಹೊರತು ಏನೂ ಇಲ್ಲ. ಎಣ್ಣೆ ಕುಡಿದಂಥ ಆಳವಾದ ಕಪ್ಪು. ಆ ಕಪ್ಪನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಅಪ್ಪಣೆ ಕೇಳಿ, ಜಿಂಕೆಕೊಂಬಿನ ಚೂರಿನಿಂದ ನಡುವಿನ ತೂತಿನ ಪಕ್ಕದ ಮಸಿಯನ್ನು ಮೆಲ್ಲಗೆ ಕೆರೆದಳು. ಕೆತ್ತಿದವನ ಹೆಸರು ಸವೆದುಹೋಗಿತ್ತು. ಮೇಲಿನ ಅಕ್ಷರಗಳು ಉಳಿದಿದ್ದವು: ‘ಚೋಶು, ಹಗಿ ನಿವಾಸಿ’.

ಅವಳು ಓದಿ ಹೇಳಿದಳು.

ಸೋಕಿಚಿಯ ಮುಖ ಕೆಂಪಾಯಿತು. “ನೂರು ವರ್ಷ ಅನ್ನ ಇಟ್ಟು ಕೈಮುಗಿದಿದೀವಿ ಇದಕ್ಕೆ! ನಿನಗೆ ಕಂಡದ್ದೆಲ್ಲ ನಿಮ್ಮೂರದೇ!”

“ನಮ್ಮೂರದಾಗದೆ ಇರಲಿ ಅಂತಾನೇ ಕೆರೆದೆ, ಯಜಮಾನ್ರೆ. ನೀವೇ ಓದ್ಕೊಳ್ಳಿ.”

“ಅವಳ ಮೇಲೆ ಯಾಕೋ ಹಾರಾಡ್ತೀಯ?” ಒಲೆಯ ಬಳಿ ಕೂತಿದ್ದ ಅವನ ಅಕ್ಕ ತೋಯೊ ಬಾಯಿ ಹಾಕಿದಳು. “ಅದು ಮುತ್ತಜ್ಜಂದಲ್ಲ. ಅಜ್ಜಿ ಸಾಯೋ ಮುಂಚೆ ನನಗೊಬ್ಬಳಿಗೇ ಹೇಳಿದ್ಲು. ನಿಮಗೆ ಹೇಳಿದ್ದರೆ ಹೊಳೆಗೆ ಎಸೀತಿದ್ರಿ.”

ಸೋಕಿಚಿ ಅಕ್ಕನ ಕಡೆ ತಿರುಗಿ ಕೂತ.

“ಮುತ್ತಿಗೆ ಸಮಯ. ಅಜ್ಜಿ ಆಗ ಎಳೇ ಸೊಸೆ, ಮನೇಲಿ ಒಬ್ಬಳೇ. ಹೊಟ್ಟೆಗೆ ಗುಂಡು ತಗಲಿದ ಶತ್ರು ಹುಡುಗ ಹಿತ್ತಲಿಗೆ ತೆವಳಿ ಬಂದು ಬಿದ್ದ. ಒಂದು ಬಟ್ಟಲು ನೀರು ಕಲ್ಲಿನ ಮೇಲಿಟ್ಟು ಇವಳು ದೂರ ಓಡಿ ನಿಂತ್ಲು. ಅವನು ನೀರು ಮುಟ್ಟಲಿಲ್ಲ. ಕೈ ಚಾಚಿ ‘ತವನ್, ತವನ್’ ಅಂತ ಯಾರನ್ನೋ ಕರೀತಾ ಕರೀತಾ ಹೋಗಿಬಿಟ್ಟ. ಪರ್ಸಿಮನ್ ಹಣ್ಣಿನ ಮರದ ಬುಡದಲ್ಲಿ ಇವಳೇ ಹೂಳಿದ್ಲು. ಅವನ ಕಡೆಯವರು ಯಾರಾದರೂ ಕೇಳ್ಕೊಂಡು ಬಂದರೆ ಗುರುತಿಗಿರಲಿ ಅಂತ ಅವನ ಕತ್ತಿಯಿಂದ ಈ ಬಿಲ್ಲೆ ಬಿಚ್ಚಿಟ್ಕೊಂಡ್ಲು. ಯಾರೂ ಬರಲಿಲ್ಲ. ಮುತ್ತಜ್ಜಂದು ಅಂತ ಹೇಳಿ ಪೀಠದಲ್ಲಿಟ್ಲು.” ಮುದುಕಿ ಸಕಿಯೆಯ ಕಡೆ ತಿರುಗಿದಳು. “ತವನ್ ಅಂತ ಹೆಸರಿಡ್ತಾರಾ ತಾಯಿ, ನಿಮ್ಮ ಕಡೆ? ಅಣ್ಣನೋ ತಮ್ಮನೋ ಇರಬೇಕು ಅಂತಿದ್ಲು ಅಜ್ಜಿ.”

ಸಕಿಯೆಗೆ ಆ ಮಾತು ಗೊತ್ತಿತ್ತು. ಹೌದು ಅಂದುಬಿಟ್ಟರೆ ಆಗಿಹೋಗುತ್ತಿತ್ತು. ಬಿಲ್ಲೆಯನ್ನು ಚಾಪೆಯ ಮೇಲಿಟ್ಟಳು.

ಸೋಕಿಚಿ ಅವಳ ಮುಖವನ್ನೇ ನೋಡುತ್ತಿದ್ದ. “ಹೇಳಿಬಿಡು,” ಅಂದ. ಈಗ ದನಿಯಲ್ಲಿ ಸಿಟ್ಟಿರಲಿಲ್ಲ. “ಕಬ್ಬಿಣದ ವಿಷಯ ಹೇಳಿದೆಯಲ್ಲ.”

“ಹೆಸರಲ್ಲ ಅದು. ನಮ್ಮೂರ ಮಾತು. ‘ಎಟುಕ್ತಿಲ್ಲ’ ಅಂತ ಅರ್ಥ.”

ತೋಯೊ ಮಡಿಲಲ್ಲಿದ್ದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹಂಗಾದ್ರೆ ನೀರು ಕೇಳ್ತಿದ್ದ,” ಅಂದಳು. “ಪಾಪ, ಅಜ್ಜಿ ಅಲ್ಲೇ ನಿಂತಿದ್ಲು. ಹೆದರಿದ್ಲು, ಅಷ್ಟೆ. ಕೆಟ್ಟವಳಲ್ಲ.”

“ಕೆಟ್ಟವಳಲ್ಲ ತಾಯಿ, ಅವನನ್ನ ಹೂಳಿದ್ಲಲ್ಲ,” ಅಂದಳು ಸಕಿಯೆ.

ಸೋಕಿಚಿ ಎದ್ದು ಹಿತ್ತಲ ಬಾಗಿಲು ಸರಿಸಿ ಚಪ್ಪಲಿ ಮೆಟ್ಟಿದ. ಅಕ್ಕನನ್ನು ತೋಳು ಹಿಡಿದು ಇಳಿಸಿಕೊಂಡ. ಆ ಪರ್ಸಿಮನ್ ಮರವನ್ನು ಕಡಿಸಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಈಗ ಮಿಸೊದ ಖಾಲಿ ಪೀಪಾಯಿಗಳಿದ್ದವು. ಮುದುಕ ಒಂದೊಂದನ್ನೇ ಉರುಳಿಸಿ ಜಾಗ ತೆರವು ಮಾಡಿದ. ಸಹಾಯಕ್ಕೆ ಹೋದ ಸಕಿಯೆಯನ್ನು ಬೇಡವೆಂದು ತಡೆದ.

“ನೀನು ಮಾತಾಡು,” ಅಂದ, ಏದುಸಿರು ಬಿಡುತ್ತ. “ನಿಮ್ಮೂರ ಮಾತಲ್ಲೇ. ನಮ್ಮದು ಅವನಿಗೆ ತಿಳಿಯಲ್ಲ.”

ಸಕಿಯೆ ನೆಲದ ಮೇಲೆ ಮಂಡಿಯೂರಿದಳು. ಅವ್ವ ಸತ್ತ ಮೇಲೆ ಆ ಮಾತನ್ನು ಅವಳು ಯಾರೊಂದಿಗೂ ಆಡಿರಲಿಲ್ಲ. ಮೊದಮೊದಲು ತಡವರಿಸಿ, ಆಮೇಲೆ ಸರಾಗವಾಗಿ, ಎದುರು ಕೂತವನೊಂದಿಗೆಂಬಂತೆ ಮಾತಾಡಿದಳು. ಅಕ್ಕತಮ್ಮ ಇಬ್ಬರಿಗೂ ಒಂದು ಪದವೂ ಅರ್ಥವಾಗಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದರು.

“ಏನಂದೆ?” ತೋಯೊ ಕೇಳಿದಳು.

“ನಾನು ಹಗಿಯವಳು, ಇಲ್ಲೇ ಇದೀನಿ, ಬರೋದು ತಡವಾಯ್ತು ಅಂದೆ.”