ಎರಡು ಹಾಡುಗಳ ನಡುವೆ

ಕೊಕುರಾ ಸ್ಟೇಷನ್ನಿನ ಹಿಂದಿನ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಕುಯೊ ಮುನಾಕಾತಾಗೆ ಇಸ್ತ್ರಿಯ ಕೆಲಸ. ಹಬೆಯ ನಡುವೆ ನಿಂತು ಊರಿನವರ ಕೋಟುಗಳನ್ನು ಒತ್ತುತ್ತ ಒತ್ತುತ್ತ ಅವಳು ಐವತ್ತು ದಾಟಿ ಬಹಳ ಕಾಲವಾಗಿತ್ತು. ಗಿರಾಕಿಗಳು ಏನು ಹೇಳಿದರೂ ಅವಳಿಗೆ ಎರಡು ಸಲ ಹೇಳಬೇಕು, ಅದೂ ಬಲಗಡೆ ನಿಂತು. ಎಡಗಿವಿ ಇದ್ದೂ ಇಲ್ಲದಂತೆ. "ಈ ಮೆಷಿನ್ ಸದ್ದಿಗೆ ಹೀಗಾಯ್ತಾ?" ಎಂದು ಯಾರಾದರೂ ಮರುಕದಿಂದ ಕೇಳಿದರೆ ಅವಳು ಹೌದೆಂದು ತಲೆಯಾಡಿಸುತ್ತಿದ್ದಳು. ಆ ಕಿವಿ ಹೋದದ್ದು ಕನಾಕುಸೊ ಬ್ಯಾಂಡಿನ ಎಡಗಡೆಯ ಸ್ಪೀಕರಿಗೆ ಎಂದರೆ ಅರ್ಥವಾಗುವವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಕನಾಕುಸೊ ಎಂದರೆ ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಿಟ್ಟ. ಇಕುಯೊಗೆ ಹದಿನಾರು ತುಂಬಿದ ವರ್ಷ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದವು. ಅಲ್ಲೇ ದುಡಿಯುತ್ತಿದ್ದ ಅವಳ ಅಪ್ಪ ಸಂಜೆ ಊಟಕ್ಕೆ ಕೂತರೆ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಅಂಥದೊಂದು ದಿನ ಜೊತೆಯ ಹುಡುಗಿಯೊಬ್ಬಳು ಅವಳನ್ನು ಬಿಲಿಯರ್ಡ್ಸ್ ಅಂಗಡಿಯ ಕೆಳಗಿನ ನೆಲಮಾಳಿಗೆಗೆ ಎಳೆದುಕೊಂಡು ಹೋದಳು. ಇಪ್ಪತ್ತು ಜನ ಇದ್ದರೆ ಹೆಚ್ಚು. ತಲೆ ಬೋಳಿಸಿಕೊಂಡು, ಕೆಲಸದ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಹುಡುಗ ಮೈಕನ್ನು ಹಲ್ಲಿಗೆ ಒತ್ತಿಕೊಂಡು ಕಿರುಚುತ್ತಿದ್ದ. ಹಾಡು ಒಂದು ನಿಮಿಷದಲ್ಲಿ ಶುರುವಾಗಿ ಮುಗಿಯುತ್ತಿತ್ತು. ಒಂದು ಪದವೂ ತಿಳಿಯಲಿಲ್ಲ. ಆದರೆ ಅಪ್ಪ ಅನ್ನದ ಜೊತೆ ದಿನಾ ನುಂಗಿಕೊಳ್ಳುತ್ತಿದ್ದದ್ದನ್ನೆಲ್ಲ ಇವನು ಕಕ್ಕುತ್ತಿದ್ದಾನೆ ಎನ್ನಿಸಿ ಅವಳು ಜನರನ್ನು ಸರಿಸಿಕೊಂಡು ಎಡಗಡೆಯ ಸ್ಪೀಕರಿನ ಪಕ್ಕಕ್ಕೆ ಹೋಗಿ ನಿಂತಳು. ಆಮೇಲೆ ಅವಳು ಆ ಸ್ಪೀಕರಿನ ಪಕ್ಕ ಬಿಟ್ಟು ಬೇರೆಲ್ಲೂ ನಿಲ್ಲಲಿಲ್ಲ.

ಕನಾಕುಸೊ ಎರಡು ಪುಟ್ಟ ರೆಕಾರ್ಡುಗಳನ್ನೂ ಕೈಯಿಂದ ಕೈಗೆ ಮಾರಿದ ಒಂದು ಕ್ಯಾಸೆಟ್ಟನ್ನೂ ಹೊರತಂದಿತು, ಅಷ್ಟೆ. ಕೊಕುರಾದಲ್ಲೇ ಅದರ ಹೆಸರು ಕೇಳಿದವರು ಕಡಿಮೆ. ಇಂಥ ಬ್ಯಾಂಡುಗಳೆಂದರೆ ಇಕುಯೊಗೆ ಪ್ರಾಣ. ಶಿಮೊನೊಸೆಕಿಯಲ್ಲಿ ಒಂದು ಬೇಸಿಗೆ ಬದುಕಿ ಸತ್ತವು, ಓಯ್ತಾದಲ್ಲಿ ಮೂರೇ ಸಲ ಬಾರಿಸಿ ಜಗಳವಾಡಿ ಚದುರಿದವು, ಎಲ್ಲಕ್ಕೂ ಅವಳು ಹೋಗಿ ಮುಂದೆ ನಿಂತವಳೇ. ಒಮ್ಮೆ ಹಡಗು ಹತ್ತಿ ಕಡಲಾಚೆಯ ಪೂಸಾನಿಗೂ ಹೋಗಿದ್ದಳು. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಗಂಡ, "ನಿನಗೆ ಬೇಕಾಗಿರೋದು ಗಂಡ ಅಲ್ಲ, ಸ್ಪೀಕರ್ರು" ಎಂದು ಹೇಳಿ ಪೆಟ್ಟಿಗೆ ಕಟ್ಟಿದ. ಅವನ ಮಾತಿನಲ್ಲಿ ತಪ್ಪೇನೂ ಕಾಣದ ಕಾರಣ ಅವಳು ತಡೆಯಲಿಲ್ಲ.

ಹೋದಲ್ಲೆಲ್ಲ ಅವಳ ಕೈಯಲ್ಲೊಂದು ಚಿಕ್ಕ ರೆಕಾರ್ಡರ್ ಇರುತ್ತಿತ್ತು. ಮೊದಲು ಕ್ಯಾಸೆಟ್ಟಿನದು, ಆಮೇಲೆ ಬೆರಳುದ್ದದ್ದು. ಕನಾಕುಸೊದವರು ತಮ್ಮದೇ ಹಳೆಯ ಹಾಡು ಮರೆತರೆ ಅವಳನ್ನು ಕೇಳಿ ಕಲಿಯುತ್ತಿದ್ದರು. ಆ ಕಿರುಚಾಟದಲ್ಲಿ ಯಾವ ಪದ ಎಲ್ಲಿದೆ ಎಂದು ಹಾಡುವವನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಹಾಡುವವನು ತೊಕುನಾಗಾ, ನೆಲಮಾಳಿಗೆಯ ಆ ಬೋಳುತಲೆಯ ಹುಡುಗ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ. ಮೈಕ್ ಕೆಳಗಿಟ್ಟರೆ ಬಲು ಮೆತ್ತಗಿನ ಮನುಷ್ಯ. ಪ್ರದರ್ಶನ ಮುಗಿದ ಮೇಲೆ ಅವನು, ಡ್ರಮ್ ಬಾರಿಸುವ ಎಗುಚಿ, ಇಕುಯೊ ಮೂವರೂ ಮೂಲೆಯ ಉದೋನ್ ಅಂಗಡಿಯಲ್ಲಿ ಕೂತು ಬಿಸಿ ಶಾವಿಗೆ ತಿನ್ನುವುದು ವಾಡಿಕೆ. ಮೊದಲ ತುತ್ತಿಗೂ ಮುಂಚೆ ತೊಕುನಾಗಾ ಅವಳ ಕಡೆ ನೋಡುತ್ತಿದ್ದ. ಚೆನ್ನಾಗಿಲ್ಲದಿದ್ದರೆ ಅವಳು ಮುಖದ ಮೇಲೇ ಹೇಳುವವಳು. ಹಾಗಾಗಿ ಅವಳ ಹೊಗಳಿಕೆಗೆ ಅವನಲ್ಲಿ ಬೆಲೆಯಿತ್ತು.

ಅವನ ಧ್ವನಿ ಬದಲಾದದ್ದು ಅರವತ್ತರ ಹತ್ತಿರ ಬಂದಾಗ. ಒಂದು ಚಳಿಗಾಲದ ಸಂಜೆ ಎರಡನೆಯ ಹಾಡಿಗೇ ಅದು ಹರಿದ ತಗಡಿನಂತೆ ಕೇಳಿಸಿತು. ಕೂಗಿನ ಕೆಳಗೆ ಇನ್ನೊಂದು ಕೂಗು ಇದ್ದಂತೆ. ಇಕುಯೊಳ ಕತ್ತಿನ ಹಿಂದೆ ಕೂದಲು ನಿಮಿರಿ ನಿಂತಿತು.

"ಇಕು, ಹೇಗಿತ್ತು?" ಉದೋನ್ ಬಟ್ಟಲಿನ ಮೇಲೆ ಬಗ್ಗಿ ತೊಕುನಾಗಾ ಕೇಳಿದ.

"ಇಷ್ಟು ವರ್ಷದಲ್ಲಿ ನಿಮ್ಮ ಗಂಟಲಿಂದ ಇಂಥ ಧ್ವನಿ ಬಂದಿರಲಿಲ್ಲ, ತೊಕುಸಾನ್. ಇವತ್ತು ನೀವು ಹಾಡಿದ್ರಿ. ಇಲ್ಲಿವರೆಗೂ ಮಾಡಿದ್ದು ಬರೀ ಅಭ್ಯಾಸ."

"ಅಕ್ಕ, ಸ್ವಲ್ಪ ಸುಮ್ನಿರು," ಎಂದ ಎಗುಚಿ. "ಈ ಮುದುಕ ಈಗಲೇ ಬೀಗ್ತಿದಾನೆ. ಆಮೇಲೆ ನಮ್ಮ ತಲೆ ತಿಂತಾನೆ."

ತೊಕುನಾಗಾ ನಕ್ಕು ಗಂಟಲು ಸವರಿಕೊಂಡ. "ಬೆಳಿಗ್ಗೆ ಎದ್ರೆ ನೀರು ನುಂಗೋಕೂ ನೋವಾಗತ್ತೆ. ಡಾಕ್ಟರಿಗೆ ತೋರಿಸಿ, ತೋರಿಸಿ ಅಂತ ಮನೇಲಿ ಹಿಸಾಯೆ ಒಂದೇ ಸಮ ಜಪ ಮಾಡ್ತಾಳೆ."

"ಡಾಕ್ಟರ್ ಹೇಳೋದು ನನಗೇ ಗೊತ್ತು. ಕಿರುಚಬೇಡಿ ಅಂತಾರೆ. ಕಿರುಚದೆ ಇನ್ನೇನು, ಜೋಗುಳ ಹಾಡ್ತೀರಾ?" ಎನ್ನುತ್ತ ಇಕುಯೊ ಚೀಲದಿಂದ ಗಂಟಲಿಗೆ ಹಿತವಾದ ಕರಿನ್ ಹಣ್ಣಿನ ಪೆಪ್ಪರ್ಮಿಂಟಿನ ಪೊಟ್ಟಣ ತೆಗೆದು ಅವನ ಮುಂದೆ ನೂಕಿದಳು. "ಇದನ್ನ ಚೀಪಿ."

ಆಮೇಲೆ ಪ್ರತಿ ಪ್ರದರ್ಶನಕ್ಕೂ ಅವಳು ಆ ಪೊಟ್ಟಣ ತರುತ್ತಿದ್ದಳು. ಅವನು ವಿಧೇಯ ಹುಡುಗನಂತೆ ಚೀಪುತ್ತಿದ್ದ. ಮುಂದಿನ ವರ್ಷವಿಡೀ ಧ್ವನಿ ಇನ್ನೂ ಹರಿಯುತ್ತ ಹೋಯಿತು, ಇಕುಯೊ ಇನ್ನೂ ಹೊಗಳುತ್ತ ಹೋದಳು.

ಒಂದು ಮಧ್ಯಾಹ್ನ ಎಗುಚಿ ಬರಿಗೈಯಲ್ಲಿ ಅಂಗಡಿಗೆ ಬಂದ. ಏನೋ ಹೇಳಿದ. ಹಬೆ ಬುಸುಗುಡುತ್ತಿತ್ತು. ಅವಳು ಬಲಗಿವಿ ತಿರುಗಿಸಿ, "ಏನು? ಇನ್ನೊಂದು ಸಲ ಹೇಳೋ" ಎಂದಳು.

"ತೊಕುಗೆ ಗಂಟಲ ಕ್ಯಾನ್ಸರ್, ಅಕ್ಕ. ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಬಿಟ್ರು. ಮೊನ್ನೆ." ಅವನು ಇನ್ನೊಂದು ಸಲ ಹೇಳಬೇಕಾಗಿ ಬಂದದ್ದಕ್ಕೇ ಅತ್ತುಬಿಟ್ಟ.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ತೊಕುನಾಗಾನ ಹೆಂಡತಿ ಹಿಸಾಯೆ ಕೂತಿದ್ದಳು. ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಸಣ್ಣ ಮೈಕಟ್ಟಿನ ಹೆಂಗಸು. ಗಂಡನ ಬ್ಯಾಂಡು ನೋಡಲು ಎಂದೂ ಬಂದವಳಲ್ಲ. ಇಕುಯೊ ತಲೆಬಾಗಿ ನಮಸ್ಕರಿಸಿದಳು. ಹಿಸಾಯೆಯೂ ಬಾಗಿದಳು. ಗಂಡನ ಕೋಣೆಯ ಬಾಗಿಲು ತೋರಿಸಲಿಲ್ಲ, ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದಳು.

"ಒಂದು ಮಾತು ಕೇಳಬೇಕಿತ್ತು, ಇಕುಯೊಸಾನ್. ನಿಮ್ಮ ಕಿವಿ ಚೆನ್ನಾಗಿದೆ ಅಂತ ಅವರು ಯಾವಾಗಲೂ ಹೇಳೋರು."

ಇಕುಯೊ ಬೆಂಚಿನ ತುದಿಯಲ್ಲಿ ಕೂತು ಬಲಗಿವಿಯನ್ನು ಅವಳ ಕಡೆ ತಿರುಗಿಸಿದಳು.

"ನಾನು ಎಷ್ಟು ಸಲ ಬೇಡಿಕೊಂಡೆ ಗೊತ್ತಾ, ತೋರಿಸಿಕೊಂಡು ಬನ್ನಿ ಅಂತ? 'ಇಕು ಇದೇ ನನ್ನ ಒಳ್ಳೆ ಧ್ವನಿ ಅಂತಾಳೆ, ಅವಳಿಗಿಂತ ನಿನಗೆ ಗೊತ್ತಾ' ಅನ್ನೋರು. ನನಗೇನೂ ಗೊತ್ತಿಲ್ಲ, ನಿಜ. ಹಾಡು ಗೊತ್ತಿಲ್ಲ. ರಾತ್ರಿ ಕೆಮ್ಮಿ ಕೆಮ್ಮಿ ದಿಂಬು ಕಚ್ಚಿಕೊಳ್ಳೋದು ಮಾತ್ರ ನನಗೆ ಕೇಳಿಸ್ತಿತ್ತು." ಅವಳ ದನಿ ಏರಲಿಲ್ಲ. "ಆ ಧ್ವನಿ ನಿಮಗೆ ನಿಜವಾಗಲೂ ಚೆನ್ನಾಗಿ ಕೇಳಿಸ್ತಾ?"

"ಕೇಳಿಸ್ತು," ಎಂದಳು ಇಕುಯೊ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಾಗಾದ್ರೆ ಇವತ್ತು ಮನೆಗೆ ಹೋಗಿ. ಇವತ್ತು ಬೇಡ."

ಮರುದಿನ ರಜೆ ಹಾಕಿ ಇಕುಯೊ ಕಿಟಕಿ ಮುಚ್ಚಿ ಕೂತಳು. ಕೊನೆಯ ಒಂದೂವರೆ ವರ್ಷದ ರೆಕಾರ್ಡಿಂಗುಗಳನ್ನು ಬಲಗಿವಿಗೆ ಒತ್ತಿಕೊಂಡು ಕೇಳಿದಳು. ಈಗ ಎಲ್ಲ ಸ್ಪಷ್ಟವಾಗಿತ್ತು. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಯಾವ ಪದವನ್ನು ಅವನು ನೋವಿಗೆ ಹೆದರಿ ಬಿಟ್ಟು ಮುಂದೆ ಹೋಗುತ್ತಿದ್ದ, ಎಲ್ಲವೂ. ಕೂಗಿನ ಕೆಳಗಿದ್ದ ಆ ಇನ್ನೊಂದು ಕೂಗು ಗಡ್ಡೆಯದು. ಇದು ತಿಳಿದ ಮೇಲಾದರೂ ಆ ಧ್ವನಿ ಅಸಹ್ಯವಾದೀತು ಎಂದು ಅವಳು ಕಾದಳು. ಆಗಲಿಲ್ಲ. ಈಗಲೂ ಅದು ಅವಳು ಜೀವಮಾನದಲ್ಲಿ ಕೇಳಿದ ಎಲ್ಲಕ್ಕಿಂತ ಚೆನ್ನಾಗಿತ್ತು, ಈಗಲೂ ಮೈ ಜುಮ್ಮೆಂದಿತು. ಅವಳು ಎದ್ದು ಹೋಗಿ ವಾಂತಿ ಮಾಡಿಕೊಂಡಳು.

ತೊಕುನಾಗಾ ಮನೆಗೆ ಬಂದ ಸುದ್ದಿ ತಿಳಿದ ಮೇಲೂ ಅವಳು ಬಹಳ ದಿನ ಅತ್ತ ಸುಳಿಯಲಿಲ್ಲ. ಕೊನೆಗೆ ಹೋದಾಗ ಅವನೇ ಬಾಗಿಲು ತೆಗೆದ. ಹಿಸಾಯೆ ಶಾಲೆಗೆ ಹೋಗಿದ್ದಳು. ಕತ್ತಿನ ತೂತಿನ ಮುಂದೆ ತೆಳುವಾದ ಬಟ್ಟೆ ಕಟ್ಟಿದ್ದ. ಬತ್ತಿದ ಮುಖದಲ್ಲಿ ನಗು ಹಾಗೇ ಇತ್ತು. ಟಾರ್ಚಿನಂಥ ಒಂದು ಸಾಧನವನ್ನು ದವಡೆಯ ಕೆಳಗೆ ಒತ್ತಿ ಅವನು ಏನೋ ಹೇಳಿದ. ದುಂಬಿ ಗುಂಯ್ಗುಟ್ಟಿದಂಥ, ಏರಿಳಿತವಿಲ್ಲದ ಸದ್ದು. ಅವಳಿಗೆ ಒಂದಕ್ಷರವೂ ಹಿಡಿಯಲಿಲ್ಲ.

"ಇನ್ನೊಂದು ಸಲ, ತೊಕುಸಾನ್."

ಅವನು ಇನ್ನೊಂದು ಸಲ ಹೇಳಿದ. ಮತ್ತೊಂದು ಸಲ. ಯಾರಿಗೂ ತಿಳಿಯದ ಅವನ ಪದಗಳನ್ನೆಲ್ಲ ತಿಳಿದಿದ್ದವಳು ಈಗ ಅವನ ತುಟಿಗಳನ್ನೇ ನೋಡುತ್ತ, ಅಂಗಡಿಯಲ್ಲಿ ಗಿರಾಕಿಯ ಮುಂದೆ ನಿಂತಂತೆ ನಿಂತಿದ್ದಳು. ಕೊನೆಗೆ ಹಿಡಿಯಿತು.

"ನನಗೆ. ಗೊತ್ತಿತ್ತು."

"ಏನು ಗೊತ್ತಿತ್ತು?"

"ರಕ್ತ. ಬರ್ತಿತ್ತು. ಹೆದರಿಕೆ. ನಿನ್ನ ಮಾತು. ಹಿಡ್ಕೊಂಡೆ." ಅವನು ಕೈಯಾಡಿಸಿದ, ಅದೆಲ್ಲ ಬಿಟ್ಟುಬಿಡು ಎಂಬಂತೆ. "ನೀನು. ಹೇಳದಿದ್ರೂ. ಡಾಕ್ಟರ್ ಹತ್ರ. ಹೋಗ್ತಿರಲಿಲ್ಲ."

ಅವಳ ಮನಸ್ಸು ಹಗುರವಾಗಲೆಂದೇ ಅವನು ಅಷ್ಟು ಕಷ್ಟಪಟ್ಟು ಹೇಳಿದ್ದು. ಹಗುರವಾಗಲಿಲ್ಲ. ಹೆದರಿದ ಮನುಷ್ಯ ಒಂದು ನೆಪ ಹುಡುಕುತ್ತಿದ್ದ, ತಾನು ಅದನ್ನು ಪೆಪ್ಪರ್ಮಿಂಟಿನ ಜೊತೆ ಅವನ ಕೈಗಿಟ್ಟೆ ಎಂದುಕೊಳ್ಳುತ್ತ ಅವಳು ಬಸ್ಸು ಹತ್ತಿದಳು. ಆಮೇಲೆ ಬೇರೆ ಯಾವ ಬ್ಯಾಂಡಿನ ಪ್ರದರ್ಶನಕ್ಕೆ ಹೋದರೂ ಹಾಡು ಕೇಳಲು ಆಗಲಿಲ್ಲ. ಯಾವ ಹುಡುಗನ ಗಂಟಲು ಬಿರಿದರೂ ಅವಳ ಕಿವಿ ಅದರ ಕೆಳಗೆ ಬೇರೆ ಏನನ್ನೋ ಹುಡುಕುತ್ತಿತ್ತು. ಹೋಗುವುದನ್ನು ಬಿಡಲೂ ಆಗಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಲ್ಲತೊಡಗಿದಳು.

ಚಳಿ ಶುರುವಾದಾಗ ಹಿಸಾಯೆ ಅಂಗಡಿಗೆ ಬಂದಳು. ತೋಳಿನ ಮೇಲೆ ಗಂಡನ ಉಣ್ಣೆಯ ಕೋಟು. ಕೌಂಟರಿನ ಮೇಲೆ ಅದನ್ನಿಟ್ಟು, ತಾನಾಗಿಯೇ ಬಲಗಡೆಗೆ ಬಂದು ನಿಂತಳು.

"ನಿಮ್ಮ ಹತ್ರ ಅವರದೆಲ್ಲ ರೆಕಾರ್ಡ್ ಮಾಡಿದ್ದು ಇದೆಯಂತೆ. ಮೊದಲಿಂದ."

"ಇದೆ," ಎಂದಳು ಇಕುಯೊ. ಎದೆಯೊಳಗೆ ಏನೋ ತುಸು ಬೆಚ್ಚಗಾಯಿತು. ತನ್ನ ಕೈಯಿಂದ ಈ ಹೆಂಗಸಿಗೆ ಕೊಡುವಂಥದ್ದು ಒಂದಾದರೂ ಉಂಟಲ್ಲ. "ಯಾವ ಹಾಡು ಬೇಕು?"

"ಹಾಡು ಬೇಡ." ಹಿಸಾಯೆ ಕೋಟಿನ ಗುಂಡಿಯೊಂದನ್ನು ತಿರುವಿದಳು. "ಮಾತು ಬೇಕು. ಹಾಡು ಹಾಡಿನ ಮಧ್ಯೆ ಜನರ ಜೊತೆ ಏನಾದ್ರೂ ಮಾತಾಡಿರ್ತಾರಲ್ಲ? ನಮಗೆ ಮಕ್ಕಳಿಲ್ಲ, ಮನೇಲಿ ವೀಡಿಯೊ ಹಿಡಿಯೋರು ಯಾರೂ ಇರಲಿಲ್ಲ. ಫೋನಲ್ಲೂ ಏನೂ ಉಳಿದಿಲ್ಲ. ಈಗ ಆ ಮೆಷಿನ್ ಇಟ್ಕೊಂಡು ನನ್ನ ಹೆಸರು ಕೂಗ್ತಾರೆ. ಮೊದಲು ಹೇಗೆ ಕೂಗ್ತಿದ್ರು ಅಂತ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಅದೇ ಗುಂಯ್ ಅನ್ನೋದು ಬರತ್ತೆ."

ಬೆಚ್ಚಗಾದದ್ದು ತಣ್ಣಗಾಯಿತು. ಟೇಪು ಉಳಿಸಲೆಂದು ಮೊದಲ ದಿನದಿಂದಲೂ ಹಾಡು ಮುಗಿದ ಕೂಡಲೇ ಇಕುಯೊ ಗುಂಡಿ ಒತ್ತುತ್ತಿದ್ದಳು. ಮುಂದೆ ಟೇಪಿನ ಹಂಗು ತಪ್ಪಿದರೂ ಬೆರಳಿನ ಅಭ್ಯಾಸ ತಪ್ಪಲಿಲ್ಲ. ತೊಕುನಾಗಾ ಬಾಯಿ ತೆರೆದು ಮಾತಾಡಿದಾಗೆಲ್ಲ ಅವಳು ರೆಕಾರ್ಡರ್ ನಿಲ್ಲಿಸಿದ್ದಳು.

"ನೋಡ್ತೀನಿ," ಎಂದಳು. "ಸ್ವಲ್ಪ ದಿನ ಬಿಟ್ಟು ಬನ್ನಿ."

ಸಿಕ್ಕ ಬಿಡುವಿನಲ್ಲೆಲ್ಲ ಅವಳು ಟೇಪುಗಳನ್ನು ಒಂದೊಂದಾಗಿ ಹಾಕಿ ಹುಡುಕಿದಳು. ಹಾಡು, ಟಕ್, ಹಾಡು, ಟಕ್. ಕೆಲವು ಕಡೆ ಅರ್ಧ ಉಸಿರು, "ಮುಂದಿನ" ಎಂಬ ಪದದ ಮೊದಲಕ್ಷರ, ಮತ್ತೆ ಟಕ್. ಹುಡುಕಿ ಹುಡುಕಿ ಸಾಕಾದ ಮೇಲೆ ತೀರ ಹಳೆಯ ಒಂದು ಕ್ಯಾಸೆಟ್ಟಿನಲ್ಲಿ ಸಿಕ್ಕಿತು. ಅಂದು ಯಾರೋ ಮೈಮೇಲೆ ಬಿದ್ದು ರೆಕಾರ್ಡರ್ ಕೈಜಾರಿ, ನೆಲದ ಮೇಲೇ ಒಂದಷ್ಟು ಹೊತ್ತು ತಾನಾಗಿ ಓಡಿತ್ತು.

ಹಿಸಾಯೆ ಬಂದಾಗ ಇಕುಯೊ ಅವಳನ್ನು ಅಂಗಡಿಯ ಹಿಂಭಾಗಕ್ಕೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದಳು. ಕ್ಯಾಸೆಟ್ ಓಡಿತು. ಕಾಲುಗಳ ಸದ್ದು, ಯಾರದೋ ಬೈಗುಳ, ಮೈಕಿನ ಕೀರಲು. ಆಮೇಲೆ ಎಳೆಯ ವಯಸ್ಸಿನ ತೊಕುನಾಗಾ, ಸಂಕೋಚಪಡುತ್ತ: "ಒಂದ್ನಿಮಿಷ, ಒಂದ್ನಿಮಿಷ. ಮೇಲೆ ಪಕ್ಕದ ತೋಫು ಅಂಗಡಿ ಬಾಗಿಲಿಗೆ ಯಾರೋ ಸೈಕಲ್ ಅಡ್ಡ ಇಟ್ಟಿದ್ದೀರಂತೆ. ಯಜಮಾನ್ರು ಕೋಪ ಮಾಡ್ಕೊಂಡಿದಾರೆ. ಕೆಂಪು ಸೈಕಲ್ಲು. ದಯವಿಟ್ಟು ತೆಗೀರಿ. ಅವರು ಒಳ್ಳೆಯವರು, ಪಾಪ. ದಯವಿಟ್ಟು." ಎಗುಚಿಯ ಕೋಲುಗಳು ಟಿಕ್ ಟಿಕ್ ಎಂದವು. ಹಾಡು ಸಿಡಿಯಿತು.

"ನಿಲ್ಲಿಸಿ," ಎಂದಳು ಹಿಸಾಯೆ. "ಮತ್ತೆ ಅಲ್ಲಿಂದ."

ಇಕುಯೊ ಹಿಂದಕ್ಕೆ ತಿರುಗಿಸಿದಳು. ಎರಡನೆಯ ಸಲ ಹಿಸಾಯೆ ನಕ್ಕಳು. "ನೋಡಿ, ಎಷ್ಟು ಸಲ ದಯವಿಟ್ಟು ಅಂತಾರೆ. ಮನೇಲೂ ಹೀಗೇ. ಉಪ್ಪಿನ ಡಬ್ಬಿ ಬೇಕಿದ್ರೂ ದಯವಿಟ್ಟು." ಮೂರನೆಯ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಬೇರೆ?" ಎಂದಳು.

"ಬೇರೆ ಇಲ್ಲ."

"ಇಷ್ಟೊಂದು ವರ್ಷದಲ್ಲಿ?"

"ಹಾಡು ಮುಗಿದ ತಕ್ಷಣ ನಾನು ನಿಲ್ಲಿಸಿಬಿಡ್ತಿದ್ದೆ, ಹಿಸಾಯೆಸಾನ್."

ಬೈಯುತ್ತಾಳೆಂದು ಇಕುಯೊ ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಹಿಸಾಯೆ ಎದ್ದು ಲಂಗದ ಮಡಿಕೆ ಸರಿಮಾಡಿಕೊಂಡಳು.

"ನಮ್ಮನೇಲಿ ಕ್ಯಾಸೆಟ್ ಹಾಕೋ ಮೆಷಿನ್ ಇಲ್ಲ."

"ಇದನ್ನೇ ತಗೊಂಡು ಹೋಗಿ. ನನಗೆ ಬೇಡ."

ಇಕುಯೊ ಯಂತ್ರವನ್ನೂ ಕ್ಯಾಸೆಟ್ಟನ್ನೂ ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಹಿಸಾಯೆ ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಾಗಿಲವರೆಗೂ ಹೋಗಿ ತಿರುಗಿದಳು.

"ಕೋಟು ಯಾವಾಗ ಆಗತ್ತೆ?"

"ಗುರುವಾರ. ನಾನೇ ಮನೆಗೆ ತಂದುಕೊಡ್ಲಾ?"

"ಬೇಡ," ಎಂದಳು ಹಿಸಾಯೆ. "ನಾನೇ ಬರ್ತೀನಿ."