ತಮ್ಮನ ಹೆಸರಿನಲ್ಲಿ ಒಂದು ಉಸಿರು

ಊದುವಾಗ ಎಲ್ಲರೂ ಸುಳ್ಳು ಹೇಳಲು ನೋಡುತ್ತಾರೆ. ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು, ಭುಜ ಎತ್ತಿ ಇಳಿಸಿ ನಟಿಸುತ್ತಾರೆ. ಕೊಳವೆಯೊಳಗೆ ಹೋಗುವುದು ಮಾತ್ರ ಬಿಸಿ ಚಹಾ ಆರಿಸುವಷ್ಟು ಗಾಳಿ. ಆರು ಸೆಕೆಂಡು ಪೂರ್ತಿ ಊದಬೇಕು. ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ ಇದೆ, ಬಿಡಬೇಡಿ" ಎನ್ನುವುದು ನನ್ನ ಕೆಲಸ.

ಬಸ್ ಡಿಪೋದ ಚಿಕಿತ್ಸಾಲಯದಲ್ಲಿ ಹನ್ನೊಂದು ವರ್ಷದಿಂದ ಉಬ್ಬಸದವರನ್ನೂ ಹಳೆಯ ಕೆಮ್ಮಿನವರನ್ನೂ ಊದಿಸುತ್ತ ಬಂದಿದ್ದೇನೆ. ಸಿಹಿ ಹಬೆ ಎಳೆದುಕೊಳ್ಳುವ ಎಲೆಕ್ಟ್ರಾನಿಕ್ ಸಿಗರೇಟು, ಅದೇ ವೇಪ್, ಅದನ್ನು ಸರ್ಕಾರ ನಿಷೇಧಿಸಿದ ಮೇಲೆ ಚಾಲಕರೆಲ್ಲ ತಿಂಗಳಿಗೊಮ್ಮೆ ಉಸಿರು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸುತ್ತೋಲೆ ಬಂತು. ಅದರ ಹಿಂದೆಯೇ ಹೊಸ ಯಂತ್ರ ಬಂತು. ಅದರ ನೆತ್ತಿಯ ಮೇಲೊಂದು ಪುಟ್ಟ ದೀಪ. ಹಸಿರು ಬಂದರೆ ಬಸ್ಸಿಗೆ ಹೋಗಬಹುದು. ಕೆಂಪು ಬಂದರೆ ಅಂದಿನಿಂದ ಸ್ಟೇರಿಂಗ್ ಮುಟ್ಟುವಂತಿಲ್ಲ. ಎರಡನೆಯ ಅವಕಾಶದ ಮಾತು ಸುತ್ತೋಲೆಯಲ್ಲಿ ಎಲ್ಲಿಯೂ ಇಲ್ಲ. ಮೂರು ಸಲ ಓದಿ ನೋಡಿದೆ. ನನ್ನ ತಮ್ಮ ಅದೇ ಡಿಪೋದಲ್ಲಿ ಬಸ್ ಓಡಿಸುತ್ತಾನೆ.

ಕೋಣೆಯ ಹೊರಗಿನ ಬೆಂಚಿನ ಮೇಲೆ ಇಡೀ ಊರಿನ ವಾದವೇ ನಡೆಯುತ್ತಿತ್ತು.

"ಸಿಗರೇಟು ರಾಜಾರೋಷವಾಗಿ ಮಾರ್ತಾರೆ. ಅದನ್ನ ಬಿಡೋಕೆ ಅಂತ ನಾನು ಇದನ್ನ ಹಿಡಿದೆ. ಈಗ ಇದೇ ಕಳ್ಳಮಾಲು. ಹುಲೀನ ಬೀದೀಲಿ ಬಿಟ್ಟು ಇಲಿಗೆ ಬೋನಿಟ್ಟ ಹಾಗಾಯ್ತು," ಎಂದರು ಹಿರಿಯ ಚಾಲಕರೊಬ್ಬರು. ಸುಮ್ಮಸುಮ್ಮನೆ ಹಾರನ್ ಬಾರಿಸುವ ಅವರನ್ನು ಡಿಪೋದಲ್ಲಿ ಎಲ್ಲರೂ ಹಾರನ್ ಮಾಮ ಎನ್ನುತ್ತಾರೆ.

"ಸುಮ್ನಿರಿ ಮಾಮ," ಎಂದಳು ನೆಲ ಒರೆಸುತ್ತಿದ್ದ ಆಯಾ. "ನನ್ನ ಮಗಳು ಎಂಟನೇ ಕ್ಲಾಸು. ಬ್ಯಾಗಲ್ಲಿ ಪೆನ್ನು ಅಂತ ಇಟ್ಕೊಂಡಿದ್ಲು. ತೆಗೆದು ನೋಡಿದ್ರೆ ಅದು ಪೆನ್ನಲ್ಲ. ನಿಮ್ಮ ಇಲಿ ನನ್ನ ಮನೆಗೆ ಬಂದಿತ್ತು."

"ಹಾಗಂತ ನಮ್ಮ ಬಾಯಿಗೆ ಕೊಳವೆ ಇಡೋದೇನಮ್ಮ?"

"ಇಡಲಿ ಬಿಡಿ. ಅಷ್ಟು ಹೊತ್ತಾದ್ರೂ ನಿಮ್ಮ ಬಾಯಿ ಮುಚ್ಚಿರುತ್ತೆ."

ಬೆಂಚೆಲ್ಲ ನಕ್ಕಿತು. ಆ ನಗು ಕೇಳಿದಾಗ ನನಗೂ ಹಗುರೆನಿಸುತ್ತಿತ್ತು. ಕಿಟಕಿಯ ಕಡೆ ಮಾತ್ರ ಯಾರೂ ತಿರುಗುತ್ತಿರಲಿಲ್ಲ.

ಕಿಟಕಿಯ ಹೊರಗೆ ರಸ್ತೆ. ರಸ್ತೆಯ ಆಚೆ ದಿನಾ ಹನ್ನೊಂದು ಹತ್ತಕ್ಕೆ ನಿಷೇಧ ಒಪ್ಪದ ಪ್ರತಿಭಟನೆಯವರು ಬಂದು ಸಾಲಾಗಿ ನಿಲ್ಲುತ್ತಿದ್ದರು. ಮೊದಲ ವಾರ ಘೋಷಣೆ ಕೂಗುತ್ತಿದ್ದರು, ಫಲಕ ಹಿಡಿದಿದ್ದರು, ಅಂಗಡಿ ಮುಚ್ಚಿಸಿಕೊಂಡ ಒಬ್ಬ ಮೆಗಾಫೋನಿನಲ್ಲಿ ಅತ್ತಿದ್ದ. ಎರಡನೆಯ ವಾರ ಫಲಕಗಳಿರಲಿಲ್ಲ. ಮೂರನೆಯ ವಾರ ಮಾತೂ ನಿಂತಿತು. ದರ್ಜಿ, ಮೇಷ್ಟ್ರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಹೆಂಗಸು, ಮೊಮ್ಮಗುವನ್ನು ಎತ್ತಿಕೊಂಡ ಒಬ್ಬ ಅಜ್ಜಿ. ಎಲ್ಲರೂ ಒಟ್ಟಿಗೆ ಖಾಲಿ ಬೆರಳುಗಳನ್ನು ತುಟಿಗೆ ತರುತ್ತಿದ್ದರು, ಎಳೆದುಕೊಳ್ಳುತ್ತಿದ್ದರು, ಬಿಡುತ್ತಿದ್ದರು. ಮತ್ತೆ ಅವರವರ ಕೆಲಸಕ್ಕೆ ಹೊರಟುಹೋಗುತ್ತಿದ್ದರು.

ಪೊಲೀಸರು ಎರಡು ಸಲ ಜೇಬು ತಡಕಿದರು. ಏನೂ ಸಿಗಲಿಲ್ಲ. ಉಸಿರಾಡಿದ್ದಕ್ಕೆ ಕೇಸು ಹಾಕುವುದು ಹೇಗೆಂದು ಗೊತ್ತಾಗದೆ ಬಿಟ್ಟರು. ಆದರೆ ಬಿಸಿಲು ನೆತ್ತಿ ಸುಡುವ ಆ ಹೊತ್ತಿನಲ್ಲಿ ಅವರ ಬಾಯಿಂದ ಬಿಳಿಯದು ಬರುತ್ತಿತ್ತು. ನಾನು ಕಂಡಿದ್ದೇನೆ. ಎಲ್ಲರಿಂದಲ್ಲ, ಮೊದಲು ಇಬ್ಬರಿಂದ. ಆಮೇಲೆ ಐದಾರು ಜನರಿಂದ.

ತಮ್ಮನ ಪರೀಕ್ಷೆ ಬುಧವಾರ ಇತ್ತು.

ಅವನು ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಆರು. ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ಏಳನೆಯ ವಯಸ್ಸಿನಲ್ಲಿ ಗೋಡೆಯಿಂದ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡಿದ್ದ. ಅಂದಿನಿಂದ ಅವನ ಉಸಿರು ಎರಡು ಹಂತದಲ್ಲಿ ಹೊರಬರುತ್ತದೆ: ಅರ್ಧ ಬಂದು, ಹೊಸ್ತಿಲ ಬಳಿ ಚಪ್ಪಲಿ ಹುಡುಕುವವರಂತೆ ಒಂದು ಗಳಿಗೆ ನಿಂತು, ಉಳಿದರ್ಧ ಬರುತ್ತದೆ. ಯಂತ್ರ ಪ್ರತಿಯೊಬ್ಬರ ಉಸಿರನ್ನೂ ಕಾಗದದ ಮೇಲೆ ಒಂದು ಗೆರೆಯಾಗಿ ಬರೆಯುತ್ತದೆ. ಕೈಬರಹದಂತೆ, ಒಬ್ಬರ ಗೆರೆ ಇನ್ನೊಬ್ಬರದಲ್ಲ. ಅವನ ಗೆರೆಯಲ್ಲಿ ನಡುವೆ ಒಂದು ಮೆಟ್ಟಿಲು. ನನ್ನದು ಮೆಲ್ಲಗೆ ಇಳಿದು ಕೊನೆಯಲ್ಲಿ ನಡುಗುತ್ತದೆ. ಬಾಲ್ಯದ ಉಬ್ಬಸದ ಉಳಿಕೆ.

ಒಳಗೆ ಬಂದವನೇ ಬಾಗಿಲು ಹಾಕಿಕೊಂಡ. ಸ್ಟೂಲಿನ ಮೇಲೆ ಕೂತ. ಬಣ್ಣ ಹೋದ ಮುಖ.

"ಬಿಟ್ಟಿದ್ದೀನಿ ಅಂದಿದ್ದೆಯಲ್ಲ?" ಎಂದೆ.

"ಬಿಟ್ಟಿದ್ದೆ ಅಕ್ಕ. ಒಂಬತ್ತು ದಿನ."

"ಆಮೇಲೆ?"

"ನಿನ್ನೆ ಸಂಜೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ಸಿಕ್ಕಿಹಾಕ್ಕೊಂಡಿದ್ದೆ. ಟೂಲ್ ಬಾಕ್ಸಲ್ಲಿತ್ತು. ಎರಡೇ ಎರಡು ಸಲ." ತಲೆ ತಗ್ಗಿಸಿದ. "ಕೆಂಪು ಬರುತ್ತಲ್ವಾ?"

ನಾನು ಸುಳ್ಳು ಹೇಳಲಿಲ್ಲ. "ಬರುತ್ತೆ."

"ಬಸ್ ಬಿಟ್ರೆ ನನಗೆ ಏನು ಬರುತ್ತೆ ಅಕ್ಕ?"

ಅವನು ನನ್ನನ್ನು ಏನೂ ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಪರೀಕ್ಷೆಗೆ ಮೊದಲು ತಂತ್ರಜ್ಞರು ಒಮ್ಮೆ ಊದಿ ತೋರಿಸಬೇಕೆಂಬುದು ನಿಯಮ. ಅದಕ್ಕೆ 'ಮಾದರಿ' ಎಂಬ ಗುಂಡಿ ಒತ್ತುತ್ತೇವೆ, ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಪರದೆಯ ಮೇಲೆ ತಮ್ಮನ ಹೆಸರಿತ್ತು. ನಾನು ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಕೊಳವೆ ಬಾಯಿಗಿಟ್ಟುಕೊಂಡೆ. ಮಾದರಿ ಗುಂಡಿಯನ್ನು ಒತ್ತಲಿಲ್ಲ.

ಹೊರಗೆ ಆಗ ಹನ್ನೊಂದು ಹತ್ತು. ನಾನು ಊದಿದ ಕ್ಷಣಕ್ಕೇ ರಸ್ತೆಯಾಚೆಯ ಸಾಲೂ ಉಸಿರು ಬಿಟ್ಟಿತು. ಕಿಟಕಿಯ ಗಾಜು ಮಬ್ಬಾಯಿತು. ಎದುರಿಗೆ ಕೂತಿದ್ದ ತಮ್ಮ ಯಾರೋ ಎದೆ ಮುಟ್ಟಿದಂತೆ ಜೋರಾಗಿ ಉಸಿರು ಒಳಗೆಳೆದುಕೊಂಡ.

ಹಸಿರು ಬಂತು. ಅವನ ಹೆಸರಿನ ಕೆಳಗೆ ನನ್ನ ಗೆರೆ, ಬಾಲ ನಡುಗುವ ಗೆರೆ. ಅವನು ನನ್ನ ಕೈ ಹಿಡಿದು ಏನೋ ಹೇಳಲು ಹೋದ. "ಹೊರಡು, ಹಿಂದೆ ಜನ ಇದ್ದಾರೆ," ಎಂದೆ.

ಅವತ್ತಿನಿಂದ ಅವನಿಗೆ ವೇಪ್ ಬೇಕೆನಿಸಲಿಲ್ಲ.

ಮೊದಲು ನನಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಟೂಲ್ ಬಾಕ್ಸಿನಲ್ಲಿದ್ದದ್ದನ್ನು ಅವನೇ ಸುತ್ತಿಗೆಯಿಂದ ಜಜ್ಜಿ ಎಸೆದಿದ್ದ. ಅಷ್ಟು ಹಾರಾಡುತ್ತಿದ್ದವನು, ಕಾಲು ಕುಣಿಸದೆ ಐದು ನಿಮಿಷ ಕೂರಲಾರದವನು, ಮನೆಯಲ್ಲಿ ಶಾಂತವಾಗಿ ಪೇಪರ್ ಓದುತ್ತಿದ್ದ. "ಮನಸ್ಸು ಗಟ್ಟಿ ಮಾಡಿದ್ರೆ ಅಷ್ಟೇ ಅಕ್ಕ," ಎಂದ. ಹತ್ತು ದಿನವಾಗುವಷ್ಟರಲ್ಲಿ, "ಸರ್ಕಾರ ಮಾಡಿದ್ದು ಒಳ್ಳೇದೇ ಆಯ್ತು," ಎಂದ. ಆಮೇಲೆ ಊಟದ ಮಧ್ಯೆಯೂ ಅದೇ ಮಾತು: "ನಿಮ್ಮ ಕಿಟಕಿ ಎದುರು ನಿಲ್ತಾರಲ್ಲ, ಅವರಿಗೆಲ್ಲ ಮಾನ ಮರ್ಯಾದೆ ಇಲ್ವಾ?"

ರಾತ್ರಿ ಮಲಗಿದಾಗ ಪಕ್ಕದ ಕೋಣೆಯಿಂದ ಬರುವ ಅವನ ಉಸಿರಿನ ಸದ್ದು ನನಗೆ ಇಪ್ಪತ್ತು ವರ್ಷದಿಂದ ಪರಿಚಿತ. ಈಗ ಕಿವಿಗೊಟ್ಟರೆ ಅದು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಇಳಿದು ಕೊನೆಯಲ್ಲಿ ಸಣ್ಣಗೆ ನಡುಗುತ್ತಿತ್ತು.

ನನಗೆ ಏನಾಗುತ್ತಿದೆ ಎಂಬುದನ್ನು ನಾನು ನಿಧಾನವಾಗಿ ಗಮನಿಸಿದೆ. ನಾಲಿಗೆಯ ಹಿಂಭಾಗದಲ್ಲಿ ಸಿಹಿ, ಹಲ್ಲುಜ್ಜಿದರೂ ಹೋಗದು. ಕಡತ ಬರೆಯುವಾಗ ಬಲಗೈ ತಾನಾಗಿ ಮೇಲೆದ್ದು ಬರುತ್ತಿತ್ತು. ತುಟಿಗೆ ಬೆರಳು ತಾಗಿದಾಗಲೇ ನನಗೆ ಎಚ್ಚರ. ಹನ್ನೊಂದು ಗಂಟೆಯಾದರೆ ಎದೆ ಬಿಗಿಯುತ್ತಿತ್ತು, ಹತ್ತು ನಿಮಿಷವಾಗಿ ಹೊರಗಿನವರು ಉಸಿರು ಬಿಟ್ಟಾಗ ಸಡಿಲವಾಗುತ್ತಿತ್ತು. ಜನ್ಮದಲ್ಲಿ ನಾನು ಅದನ್ನು ಕೈಯಲ್ಲಿ ಹಿಡಿದವಳಲ್ಲ.

ಸಾಲಿನಲ್ಲಿ ಆಗ ನಲವತ್ತೊಂದು ಜನ. ಮೇಷ್ಟ್ರಿಗೂ ಬ್ಯಾಂಕಿನ ಹೆಂಗಸಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇರುತ್ತಿತ್ತು. ಹೊಸಬರು ಬಂದರೂ ಸಾಲಿನ ತುದಿಗೆ ಹೋಗಿ ನಿಲ್ಲುತ್ತಿದ್ದರೇ ಹೊರತು ಅಲ್ಲಿ ನಿಲ್ಲುತ್ತಿರಲಿಲ್ಲ.

ಮುಂದಿನ ತಿಂಗಳ ಬುಧವಾರ ತಮ್ಮ ಶೀಟಿ ಹಾಕುತ್ತ ಬಂದ.

"ಈ ಸಲ ನಾನೇ ಊದ್ತೀನಿ. ನೀನು ದೂರ ನಿಂತ್ಕೋ," ಎಂದು ನಕ್ಕ.

ಆರು ಸೆಕೆಂಡು ಸಲೀಸಾಗಿ ಊದಿದ. ಹಸಿರು. ಅವನು ಹೆಬ್ಬೆರಳು ಎತ್ತಿ ತೋರಿಸಿ ಹೋದ. ಕಾಗದ ಹರಿದು ಕೈಗೆತ್ತಿಕೊಂಡೆ. ಮೆಟ್ಟಿಲು ಇರಲಿಲ್ಲ. ಗೆರೆ ಮೆಲ್ಲಗೆ ಇಳಿದು, ಕೊನೆಯಲ್ಲಿ ನಡುಗಿ, ನಿಂತಿತ್ತು. ಹೋದ ತಿಂಗಳ ಕಾಗದವನ್ನು ತೆಗೆದು ಅದರ ಮೇಲಿಟ್ಟು ಬೆಳಕಿಗೆ ಹಿಡಿದೆ. ಎರಡು ಗೆರೆ ಒಂದೇ ಆಗಿ ಕಂಡವು.

ಬೆಂಚು ಖಾಲಿಯಾಗುವವರೆಗೆ ಕಾದೆ. ಬಾಗಿಲು ಹಾಕಿ, ಈ ಸಲ ಮರೆಯದೆ ಮಾದರಿ ಗುಂಡಿ ಒತ್ತಿ, ಊದಿದೆ. ಅರ್ಧ ಉಸಿರು ಹೋಯಿತು. ನಂತರ ನನ್ನ ಎಡಪಕ್ಕೆಯಲ್ಲಿ, ಎಂದೂ ಪೆಟ್ಟಾಗದ ಜಾಗದಲ್ಲಿ, ಚಳುಕು ಬಂದು ಉಸಿರು ಒಂದು ಗಳಿಗೆ ನಿಂತುಹೋಯಿತು. ಮತ್ತೆ ಉಳಿದರ್ಧ ಹೋಯಿತು.

ಕೆಂಪು ದೀಪ ಹತ್ತಿದ್ದನ್ನು ನೋಡಲು ನಾನು ತಲೆ ಎತ್ತಲಿಲ್ಲ. ಮೇಜಿನ ಮೇಲೆ ಬಿದ್ದ ಅದರ ಬಣ್ಣವೇ ಸಾಕಿತ್ತು.

ಆ ಶುಕ್ರವಾರ ಎರಡನೆಯ ಸುತ್ತೋಲೆ ಬಂತು: ಸೋಮವಾರದಿಂದ ಚಿಕಿತ್ಸಾಲಯದ ಸಿಬ್ಬಂದಿಗೂ ಪರೀಕ್ಷೆ. ಕೆಂಪು ಬಂದವರು ಕೆಲಸದಿಂದ ಹೊರಗೆ. ಡಾಕ್ಟರಮ್ಮ ಅದನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮದು ನೀವೇ ಮಾಡ್ಕೊಂಡು ಕಾಗದ ಕಳಿಸಿಬಿಡಿ. ನಿಮ್ಮನ್ನ ಪರೀಕ್ಷೆ ಮಾಡೋದೂ ಒಂದೇ, ಗಡಿಯಾರಕ್ಕೆ ಗಂಟೆ ಕೇಳೋದೂ ಒಂದೇ," ಎಂದರು. ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಸೋಮವಾರ ಬೆಳಿಗ್ಗೆ ತಮ್ಮ ಬೂಟು ಪಾಲಿಶ್ ಮಾಡುತ್ತಿದ್ದಾಗ ಕೇಳಿದೆ.

"ಡ್ಯೂಟಿಗೆ ಹೋಗೋ ಮೊದಲು ನನ್ನ ಕೋಣೆಗೆ ಬಂದು ಒಂದು ಸಲ ಊದಿ ಹೋಗ್ತೀಯಾ? ನನ್ನ ಹೆಸರಲ್ಲಿ."

ಬ್ರಶ್ ನಿಂತಿತು. "ಯಾಕೆ?"

"ನನಗೆ ಕೆಂಪು ಬರ್ತಿದೆ."

ಅವನು ನನ್ನನ್ನೇ ನೋಡಿದ. "ಯಾವಾಗಿಂದ ಅಕ್ಕ?"

"ನಾನು ಸೇದಿಲ್ಲ ಕಣೋ. ಮುಟ್ಟೇ ಇಲ್ಲ. ಅವತ್ತು ನಿನಗೋಸ್ಕರ ಊದಿದೆನಲ್ಲ, ಅವತ್ತಿಂದ..." ಮುಂದಿನದನ್ನು ಹೇಳಿದರೆ ಹುಚ್ಚಿಯ ಮಾತಿನಂತೆ ಕೇಳುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಗೆರೆಗಳನ್ನು ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸಿದೆ.

ಅವನು ಕೊನೆಯವರೆಗೂ ತಾಳ್ಮೆಯಿಂದ ಕೇಳಿದ. ಆ ತಾಳ್ಮೆ ನನ್ನದು. ಅವನಿಗೆ ಎಂದೂ ಇರಲಿಲ್ಲ.

"ಮುಟ್ಟಿಲ್ಲ ಅಂತ ಎಲ್ಲರೂ ಹೇಳ್ತಾರೆ ಅಂತ ನೀನೇ ನಗ್ತಿದ್ದೆ," ಎಂದ ಮೃದುವಾಗಿ. "ಒಪ್ಕೊಂಡುಬಿಡು ಅಕ್ಕ. ಮನಸ್ಸು ಗಟ್ಟಿ ಮಾಡು. ನಾನು ಬಿಡಲಿಲ್ವಾ?"

"ಒಂದೇ ಸಲ. ನಾನು ನಿನಗೆ ಮಾಡಿದ ಹಾಗೆ."

"ಅದು ತಪ್ಪಲ್ವಾ? ಸಿಕ್ಕಿಬಿದ್ರೆ ನನ್ನ ಬಸ್ಸೂ ಹೋಗುತ್ತೆ." ಬೂಟು ಹಾಕಿಕೊಂಡು ದಾರ ಕಟ್ಟಿದ. ಬಾಗಿಲಲ್ಲಿ ನಿಂತು ಮೂಗು ಎಳೆದ. "ಕಿಟಕಿ ತೆಗೆದಿಡು. ಒಳಗೆಲ್ಲ ಏನೋ ಸಿಹಿ ವಾಸನೆ."

ಹನ್ನೊಂದಕ್ಕೆ ನನ್ನ ಹೆಸರು ಹಾಕಿ ಊದಿದೆ. ಕೆಂಪು ಗುರುತಿನ ಕಾಗದವನ್ನು ಡಾಕ್ಟರಮ್ಮನ ಮೇಜಿನ ಮೇಲೆ, ಪೇಪರ್‌ವೇಟಿನ ಕೆಳಗೆ ಇಟ್ಟೆ. ತಮ್ಮನ ಮೊದಲ ಪರೀಕ್ಷೆಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಬರೆಯಲು ಪೆನ್ನು ತೆಗೆದಿದ್ದೆ, ಮತ್ತೆ ಮುಚ್ಚಿಟ್ಟೆ. ಇಬ್ಬರಲ್ಲಿ ಒಬ್ಬರಾದರೂ ಉಳಿಯಲಿ.

ಆಯಾ, "ಎಲ್ಲಿಗೆ ಹೊರಟ್ರಿ ಮೇಡಂ, ಜನ ಕಾಯ್ತಿದ್ದಾರೆ," ಎಂದಳು. ಉತ್ತರ ಕೊಡಲು ಬಾಯಿ ತೆರೆದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

ರಸ್ತೆ ದಾಟಿದೆ. ಮೇಷ್ಟ್ರಾಗಲಿ ಬ್ಯಾಂಕಿನ ಹೆಂಗಸಾಗಲಿ ನನ್ನ ಕಡೆ ತಿರುಗಲಿಲ್ಲ. ನಡುವಿನ ಜಾಗದಲ್ಲಿ ಹೋಗಿ ನಿಂತೆ. ಅಳತೆ ತೆಗೆದು ಬಿಟ್ಟಂತೆ ಸರಿಯಾಗಿತ್ತು. ನಲವತ್ತೊಂದು ಕೈಗಳು ಮೇಲೆದ್ದವು, ಅವುಗಳ ಜೊತೆ ನನ್ನದೂ ಎದ್ದಿತು.

ಆಗಲೇ ತಮ್ಮನ ಬಸ್ಸು ಬಂದು ನಮ್ಮೆದುರಿನ ಸಿಗ್ನಲ್ಲಿನಲ್ಲಿ ನಿಂತಿತು. ಬಸ್ಸಿನ ಕಿಟಕಿಯಿಂದ ಯಾರೋ "ನಾಚಿಕೆ ಆಗಲ್ವಾ ನಿಮಗೆ!" ಎಂದು ಕೂಗಿದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಅವನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಅವನ ಕಣ್ಣು ನನ್ನ ಮೇಲೆ ಬಂದು, ಮೇಷ್ಟ್ರ ಮೇಲೆ ಹೋದಷ್ಟೇ ಸರಾಗವಾಗಿ, ಮುಂದೆ ಹೋಯಿತು.

ನಾವು ಉಸಿರು ಬಿಟ್ಟೆವು.

ಬಿಳುಪು ತಿಳಿಯಾಗುವಷ್ಟರಲ್ಲಿ ಸಿಗ್ನಲ್ ಬಿಟ್ಟಿತ್ತು. ಒಳಗೆ ನಿಂತ ಮುದುಕರೊಬ್ಬರೂ ಕುಲುಕದಂತೆ ಅವನು ಬಸ್ಸನ್ನು ಮೆಲ್ಲಗೆ ತಿರುವಿಗೆ ಎಳೆದುಕೊಂಡು ಹೋದ. ಎಷ್ಟು ಚೆನ್ನಾಗಿ ಓಡಿಸುತ್ತಾನೆ ನನ್ನ ತಮ್ಮ.